ವೂಫರ್ ಹಾಕಿದ್ರೆ ಮನೆ ಯಾಕೆ ಗಡಗಡ ಅನ್ನುತ್ತೆ?

ರಜೆಗೆ ಊರಿಗೆ ಹೋದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಮನೆಯಲ್ಲೊಂದು ಪರೀಕ್ಷೆ ಕಾದಿರುತ್ತೆ. ಅದಕ್ಕೆ ಸಿಲಬಸ್ ಇಲ್ಲ, ಇಂಟರ್ನಲ್ಸ್ ಇಲ್ಲ. "ಬಿ.ಇ. ಓದ್ತಿದೀಯಲ್ಲಪ್ಪಾ, ಟೀವಿಗೆ ಸೌಂಡ್ ಕೊಟ್ರೆ ಏನೋ ಗಡಗಡ ಅಂತೈತಿ, ನೋಡು ಸ್ವಲ್ಪ." ಮೆಕ್ಯಾನಿಕಲ್ ಆದ್ರೂ ಅಷ್ಟೇ, ಸಿವಿಲ್ ಆದ್ರೂ ಅಷ್ಟೇ. ಕಂಪ್ಯೂಟರ್ ಸೈನ್ಸ್‌ನವರು ತಪ್ಪಿಸಿಕೊಳ್ಳೋಕೆ ನೋಡ್ತಾರೆ, ಆದರೆ ಮನೆಯವರು ಬಿಡಲ್ಲ.

ನಮ್ಮ ಕನ್ನಡ ಸಂಘದಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರು ಇದ್ದೇವೆ. ನಾಲ್ಕೂ ಕಡೆಯ ಮನೆಗಳಲ್ಲಿ ಇದೇ ದೂರು. ಸಾಮಾನ್ಯವಾಗಿ ಆಗೋದೇನು? ಅಡಿಕೆ ಮಾರಿದ ದುಡ್ಡಲ್ಲೋ ಮೆಕ್ಕೆಜೋಳ ಮಾರಿದ ದುಡ್ಡಲ್ಲೋ ಹೋಮ್ ಥಿಯೇಟರ್ ಬರುತ್ತೆ, ನಾಲ್ಕು ದಿನಕ್ಕೆ ಗಡಗಡ ಶುರು. ರಿಪೇರಿಯವರು "ವೂಫರ್ ಹೋಗಿದೆ" ಅಂತಾರೆ. ಹೊಸ ವೂಫರ್ ಹಾಕಿಸಿದ ಮೇಲೂ ಅದೇ ಗಡಗಡ. ಯಾಕಂದ್ರೆ ಬಹಳಷ್ಟು ಸಲ ನಡುಗೋದು ಪೆಟ್ಟಿಗೆ ಅಲ್ಲ, ಮನೆ. ಆದ್ದರಿಂದ ಈ ಪಾಠದಲ್ಲಿ ನಾವು ಹೇಳೋದು ಇಷ್ಟೇ: ಸದ್ದಿನ ವಿಳಾಸ ಸಿಗುವವರೆಗೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ, ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ವಿಳಾಸ ಹುಡುಕೋದಕ್ಕೆ ಮೊದಲ ಪ್ರಶ್ನೆ: ಹಾಡು ನಿಲ್ಲಿಸಿದರೂ ಸದ್ದು ಬರುತ್ತಾ? ಬಂದರೆ ಅದು ವಿದ್ಯುತ್ತಿನದು, ಅದನ್ನು ಕೊನೆಗೆ ನೋಡೋಣ. ಹಾಡಿನ ಜೊತೆ ಮಾತ್ರ ಬಂದರೆ ಎರಡನೇ ಪ್ರಶ್ನೆ: ಜೋರಾದಾಗೆಲ್ಲ ಬರುತ್ತಾ, ಅಥವಾ ಯಾವುದೋ ಒಂದು ಸ್ವರಕ್ಕೆ ಮಾತ್ರವಾ? ಎಲ್ಲಾ ಜೋರು ಬಡಿತಕ್ಕೂ ಬರೋದಾದರೆ ಪೆಟ್ಟಿಗೆಯನ್ನೇ ಅನುಮಾನಿಸಿ. ಕೋನಿನ ಸುತ್ತಲಿನ ರಬ್ಬರ್ ಹರಿದಿರಬಹುದು, ಇಲಿ ಕಡಿದಿರಬಹುದು, ಗಾಳಿ ಬಿಡುವ ತೂತಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ನಗಬೇಡಿ, ಟಾರ್ಚ್ ಬಿಟ್ಟು ನೋಡಿ. ಒಂದೇ ಸ್ವರಕ್ಕೆ ಬರೋದಾದರೆ ಅದು ನಾವು ಮೂರು ಸೆಮಿಸ್ಟರ್ ಬರೆದು ಮರೆತ ರೆಸೋನೆನ್ಸ್, ಅಂದರೆ ಅನುರಣನೆ.

ಮೊಬೈಲಿಗೆ ಯಾವುದಾದರೂ ಟೋನ್ ಜನರೇಟರ್ ಆಪ್ ಹಾಕಿಕೊಳ್ಳಿ. ಬ್ಲೂಟೂತ್‌ನಲ್ಲೋ ವೈರ್‌ನಲ್ಲೋ ಹೋಮ್ ಥಿಯೇಟರಿಗೆ ಸೇರಿಸಿ. ಸೌಂಡ್ ಕಾಲು ಭಾಗಕ್ಕಿಂತ ಮೇಲೆ ಬೇಡ, ಶುದ್ಧ ಸೈನ್ ಅಲೆ ಹಾಡಿಗಿಂತ ಹೆಚ್ಚು ಹೊತ್ತು ಕಾಯಿಲ್ ಬಿಸಿ ಮಾಡುತ್ತೆ. 30 ಹರ್ಟ್ಸ್‌ನಿಂದ ಶುರು ಮಾಡಿ ಒಂದೊಂದೇ ಹರ್ಟ್ಸ್ ಏರಿಸುತ್ತಾ 150ರವರೆಗೆ ಹೋಗಿ. ಒಬ್ಬರು ಆಪ್ ಹಿಡಿದು ಕೂರಲಿ, ಇನ್ನೊಬ್ಬರು ಮನೆಯೆಲ್ಲ ಓಡಾಡಲಿ. ಎಲ್ಲೋ ಒಂದು ಕಡೆ, ಉದಾಹರಣೆಗೆ 62ಕ್ಕೆ, ಷೋಕೇಸಿನ ಗಾಜು ಜರ್ರ್ ಅನ್ನುತ್ತೆ, 64ಕ್ಕೆ ಸುಮ್ಮನಾಗುತ್ತೆ. ಆ ಅಂಕಿಯಲ್ಲೇ ನಿಲ್ಲಿಸಿ, ಅನುಮಾನ ಬಂದ ವಸ್ತುಗಳನ್ನೆಲ್ಲ ಒಂದೊಂದಾಗಿ ಅಂಗೈಯಿಂದ ಒತ್ತಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತೋ ಅದೇ ಕಳ್ಳ.

ಇಲ್ಲಿ ಕಿವಿ ಮೋಸ ಮಾಡುವ ಒಂದು ಜಾಗ ಇದೆ. ತಳ್ಳುತ್ತಿರೋದು 60 ಹರ್ಟ್ಸ್ ಆದರೂ, ಗಾಜು ಚೌಕಟ್ಟಿಗೆ ಬಡಿದಾಗ ಬರುವ ಸದ್ದು ಸಾವಿರಾರು ಹರ್ಟ್ಸ್‌ನದು. ಹಾಗಾಗಿ ಎಲ್ಲರೂ ಸಣ್ಣ ಸ್ಪೀಕರ್ ಕೆಟ್ಟಿದೆ ಅಂದುಕೊಳ್ತಾರೆ. ಜರ್ರ್ ಅನ್ನೋದು ಮೇಲಿನ ಸ್ವರದ್ದು, ತಪ್ಪು ಕೆಳಗಿನ ಸ್ವರದ್ದು.

ಟೀವಿ ಸ್ಟ್ಯಾಂಡಿನ ಹಲಗೆ ನಡುಗುತ್ತಾ ಅಂತ ನೋಡೋಕೆ ಅದರ ಮೇಲೆ ಒಂದು ಹಿಡಿ ರಾಗಿ ಚೆಲ್ಲಿ. ಜರ್ಮನಿಯ ಅರ್ನೆಸ್ಟ್ ಕ್ಲಾಡ್ನಿ ಲೋಹದ ತಟ್ಟೆ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ಮೂಡಿಸಿದ ಚಿತ್ರಗಳು 1787ರಲ್ಲಿ ಪ್ರಕಟವಾದವು. ಅದೇ ಪ್ರಯೋಗ ಇದು, ಮರಳಿನ ಬದಲು ರಾಗಿ. ಹಲಗೆಯ ವೇಗೋತ್ಕರ್ಷ ಗುರುತ್ವವನ್ನು ಮೀರಿದ ಕಡೆ ಕಾಳು ಕುಣಿಯುತ್ತೆ, ಅಲುಗದ ಗೆರೆಗಳಿಗೆ ಬಂದು ಕೂರುತ್ತೆ. ಲೆಕ್ಕ ಹಾಕಿ ನೋಡಿ, 50 ಹರ್ಟ್ಸ್‌ನಲ್ಲಿ ಕಾಳು ಹಾರೋಕೆ ಹಲಗೆ 0.1 ಮಿಲಿಮೀಟರ್ ಅಲುಗಿದರೆ ಸಾಕು. ಕಣ್ಣಿಗೆ ಕಾಣದ್ದನ್ನ ರಾಗಿ ತೋರಿಸುತ್ತೆ. (ಆಮೇಲೆ ಗುಡಿಸೋದು ನೀವೇ, ಅಮ್ಮನಿಗೆ ಬಿಡಬೇಡಿ.)

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಹಳೇ ಮನೆಗಳಲ್ಲಿ ಮರದ ಅಟ್ಟ ಇರುತ್ತೆ. ಸೀಜನ್ ಮುಗಿದ ಮೇಲೆ ಅಡಿಕೆ ಬೇಯಿಸೋ ಹಂಡೆ, ಅದರ ಮುಚ್ಚಳ, ಮದುವೆಗೆ ಬಂದ ಸ್ಟೀಲ್ ಪಾತ್ರೆ ಎಲ್ಲ ಅಲ್ಲಿ. ಟೀವಿ ಇರೋದು ನಡುಮನೆಯಲ್ಲಿ, ಸದ್ದು ತಲೆ ಮೇಲೆ. ಮುಚ್ಚಳದ ಕೆಳಗೆ ಒಂದು ಹಳೇ ಗೋಣಿಚೀಲ ಹಾಸಿದರೆ ಮುಗೀತು. ಇದಕ್ಕೆ ಥಿಯರಿ ಬೇಕಾಗಿಲ್ಲ.

ಹೊನ್ನಾಳಿಯ ಹೊಸ ಆರ್‌ಸಿಸಿ ಮನೆಗಳ ಕತೆ ಬೇರೆ. ಅಲ್ಲಿ ವಸ್ತು ನಡುಗಲ್ಲ, ಕೋಣೆಯೇ ಗುಮ್ ಅನ್ನುತ್ತೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಹಾಲ್ ತಗೊಳ್ಳಿ. ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಯ ಮೊದಲ ಆವೃತ್ತಿ ಅಂದರೆ ಶಬ್ದದ ವೇಗವನ್ನು ಎರಡು ಪಟ್ಟು ದೂರದಿಂದ ಭಾಗಿಸಿದ್ದು. ಉದ್ದಕ್ಕೆ ಸುಮಾರು 47 ಹರ್ಟ್ಸ್, ಅಗಲಕ್ಕೆ ಸುಮಾರು 57, ಎತ್ತರಕ್ಕೂ ಅದೇ 57. ಎರಡು ಒಂದೇ ಕಡೆ ಬಿದ್ದವು, ಅದಕ್ಕೇ ಆ ಸ್ವರ ಬಂದಾಗ ಎದೆ ಮೇಲೆ ಕೂತ ಹಾಗೆ ಆಗೋದು. ಮೂಲೆಯಲ್ಲಿ ವೂಫರ್ ಇಟ್ಟರೆ ಈ ಎಲ್ಲಾ ಅಲೆಗಳಿಗೂ ಒಟ್ಟಿಗೆ ಕುಮ್ಮಕ್ಕು ಸಿಗುತ್ತೆ. ನಮ್ಮಲ್ಲೆಲ್ಲ ಅದು ಇರೋದು ಮೂಲೆಯಲ್ಲೇ! ಪರಿಹಾರ ಪುಕ್ಕಟೆ: ನೀವು ಕೂರುವ ಜಾಗದಲ್ಲಿ ವೂಫರ್ ಇಟ್ಟು, ಹಾಡು ಹಾಕಿ, ಗೋಡೆ ಬದಿಯಲ್ಲಿ ಅಂಬೆಗಾಲಿಟ್ಟು ಹೋಗಿ. ಯಾವ ಜಾಗದಲ್ಲಿ ಸದ್ದು ಸಮವಾಗಿ ಕೇಳುತ್ತೋ ಅಲ್ಲಿ ವೂಫರ್ ಇಡಿ. ಮನೆಯವರು ನಗ್ತಾರೆ, ನಗಲಿ.

ಪೆಟ್ಟಿಗೆಯ ಕೆಳಗೆ ರಬ್ಬರ್ ಇಡೋ ವಿಷಯ ಸ್ವಲ್ಪ ನಿಂತು ನೋಡಬೇಕು, ಇಲ್ಲೇ ಹೆಚ್ಚಿನವರು ಎಡವೋದು. ರಬ್ಬರ್ ಇಟ್ಟರೆ ನಡುಕ ಕಡಿಮೆ ಆಗುತ್ತೆ ಅನ್ನೋದು ಅರ್ಧ ಸತ್ಯ. ಪೆಟ್ಟಿಗೆ ಒಂದು ತೂಕ, ರಬ್ಬರ್ ಒಂದು ಸ್ಪ್ರಿಂಗ್. ತೂಕಕ್ಕೆ ರಬ್ಬರ್ ಎಷ್ಟು ಮಿಲಿಮೀಟರ್ ಕುಗ್ಗುತ್ತೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ ಆ ಜೋಡಿಯ ಸ್ವಾಭಾವಿಕ ಆವೃತ್ತಿ ಹರ್ಟ್ಸ್‌ನಲ್ಲಿ ಸಿಗುತ್ತೆ. ಗಟ್ಟಿ ರಬ್ಬರ್ 0.1 ಮಿಲಿಮೀಟರ್ ಮಾತ್ರ ಕುಗ್ಗಿತು ಅನ್ನಿ. ಆವೃತ್ತಿ ಸುಮಾರು 50 ಹರ್ಟ್ಸ್! ವೂಫರ್ ಹಾಡುವ ಸ್ವರದಲ್ಲೇ ಸ್ಪ್ರಿಂಗ್ ಕೂತಿತು, ನಡುಕ ಮೊದಲಿಗಿಂತ ಜಾಸ್ತಿ. ಅದೇ ಮೆತ್ತನೆಯದು 1 ಮಿಲಿಮೀಟರ್ ಕುಗ್ಗಿದರೆ ಸುಮಾರು 16 ಹರ್ಟ್ಸ್. ಆಗ 40 ಹರ್ಟ್ಸ್‌ನ ಬಲದಲ್ಲಿ ನೆಲಕ್ಕೆ ದಾಟೋದು ಐದನೇ ಒಂದು ಭಾಗಕ್ಕಿಂತ ಕಡಿಮೆ. ರಬ್ಬರ್ ಕುಣಿಯುವಾಗ ನಿಂತಾಗಿಗಿಂತ ಸ್ವಲ್ಪ ಗಟ್ಟಿಯಾಗಿ ವರ್ತಿಸುತ್ತೆ, ಆದ್ದರಿಂದ ಇದು ಅಂದಾಜು ಲೆಕ್ಕ. ಆದರೂ ದಾರಿ ತೋರಿಸೋಕೆ ಸಾಕು. ಹಳೇ ಸೈಕಲ್ ಟ್ಯೂಬ್ ಮಡಿಸಿ ನಾಲ್ಕು ಮೂಲೆಗೆ ಇಡಿ, ಬೆರಳಲ್ಲಿ ಒತ್ತಿದರೆ ಪೆಟ್ಟಿಗೆ ಮೆಲ್ಲಗೆ ತೂಗಬೇಕು. ಕಲ್ಲಿನ ಹಾಗೆ ಕೂತರೆ ಅದು ಕೆಲಸ ಮಾಡ್ತಿಲ್ಲ ಅಂತ ಅರ್ಥ.

ನ್ಯಾಮತಿ ಕಡೆಯ ನಮ್ಮ ಗೆಳೆಯನ ಮನೆಗೆ ತಗಡಿನ ಶೀಟು. ಅಲ್ಲಿನ ವಿಚಿತ್ರ ಏನಂದ್ರೆ ಮಧ್ಯಾಹ್ನ ಸದ್ದಿಲ್ಲ, ರಾತ್ರಿ ಧಾರಾವಾಹಿ ಹೊತ್ತಿಗೆ ಜರ್ರ್. ದೆವ್ವ ಏನಿಲ್ಲ. 12 ಅಡಿ ಉಕ್ಕಿನ ಶೀಟು 30 ಡಿಗ್ರಿ ಬಿಸಿಯಾದರೆ ಸುಮಾರು 1.3 ಮಿಲಿಮೀಟರ್ ಹಿಗ್ಗುತ್ತೆ. ಬಿಸಿಲಲ್ಲಿ ಹಿಗ್ಗಿ ಬೋಲ್ಟಿಗೆ ಬಿಗಿಯಾಗಿ ಕೂತದ್ದು, ತಣ್ಣಗಾದಾಗ ಸಡಿಲ. ವರ್ಷಾನುಗಟ್ಟಲೆ ಬಿಸಿಲು ತಿಂದ ವಾಷರ್ ಒಣಗಿ ಸೀಳಿರುತ್ತೆ. ಹೊಸ ರಬ್ಬರ್ ವಾಷರ್ ಹಾಕಿಸೋದಾದರೆ ಶೀಟು ತಣ್ಣಗಿರುವ ಬೆಳಗ್ಗೆ ಹೊತ್ತು ಹಾಕಿಸಿ. ಶೀಟಿನ ಮೇಲೆ ನೀವು ಮಾತ್ರ ಹತ್ತಬೇಡಿ, ಆ ಕೆಲಸ ಬಲ್ಲವರನ್ನು ಕರೆಸಿ.

ಈಗ ಕೊನೆಗೆ ಇಟ್ಟುಕೊಂಡದ್ದು, ಹಾಡು ನಿಲ್ಲಿಸಿದರೂ ಬರುವ ಗುಂಯ್. ಸೌಂಡ್ ಸೊನ್ನೆಗೆ ಇಳಿಸಿದರೂ, ವೈರೆಲ್ಲ ಕಿತ್ತರೂ ಬರ್ತಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಹಳತಾಗಿರಬಹುದು, ಅದರ ಸ್ವರ 100 ಹರ್ಟ್ಸ್. ಅದನ್ನು ರಿಪೇರಿಯವರಿಗೆ ಬಿಡಿ. ಎಸ್‌ಎಂಪಿಎಸ್ ಒಳಗೆ ಸುಮಾರು 325 ವೋಲ್ಟ್ ಡಿಸಿ ಇರುತ್ತೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಕರೆಂಟ್ ಹೋಗಿ ಯುಪಿಎಸ್ ಬಂದಾಗ ಮಾತ್ರ ಗುಂಯ್ ಅಂದರೆ ಆ ಯುಪಿಎಸ್ ಚೌಕ ಅಲೆ ಕೊಡುವಂಥದ್ದು, ಟ್ರಾನ್ಸ್‌ಫಾರ್ಮರ್ ಅದಕ್ಕೆ ಗೊಣಗುತ್ತೆ ಅಷ್ಟೇ. ಡಿಷ್‌ನ ಕೇಬಲ್ಲನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಿತ್ತ ಕೂಡಲೇ ನಿಂತರೆ ಅದು ಗ್ರೌಂಡ್ ಲೂಪ್: ಮನೆಯ ಅರ್ಥ್ ಒಂದು ಮಟ್ಟದಲ್ಲಿ, ಮಾಳಿಗೆ ಮೇಲಿನ ಡಿಷ್ ಇನ್ನೊಂದು ಮಟ್ಟದಲ್ಲಿ, ನಡುವೆ ಸೌಂಡಿನ ವೈರ್ ಮೇಲೆ 50 ಹರ್ಟ್ಸ್ ಹರಿಯುತ್ತೆ.

ಜಗಳೂರಿನಂಥ ಒಣ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ ಮಣ್ಣಿನ ರೋಧ ಏರುತ್ತೆ, ಅರ್ಥ್ ಹೆಸರಿಗೆ ಮಾತ್ರ ಉಳಿಯುತ್ತೆ. ಆಗ ಮೂರು ಪಿನ್ನಿನ ಸೆಟ್ಟಿನ ಲೋಹದ ಮೈ, ಒಳಗಿನ ಫಿಲ್ಟರ್ ಕೆಪಾಸಿಟರುಗಳ ದೆಸೆಯಿಂದ 115 ವೋಲ್ಟ್ ಹತ್ತಿರಕ್ಕೆ ಏರಬಹುದು. ಮುಟ್ಟಿದರೆ ಜುಂ ಅನ್ನೋದು ಅದೇ. ಆ ಕರೆಂಟು ಸಣ್ಣದು, ಆದರೆ ಅದು ಹೇಳ್ತಿರೋ ಸುದ್ದಿ ದೊಡ್ಡದು.

ಗುಂಯ್ ನಿಲ್ಲಿಸೋಕೆ ಪ್ಲಗ್ಗಿನ ದಪ್ಪ ಪಿನ್ ಕತ್ತರಿಸುವ, ಇಲ್ಲಾ ಎರಡು ಪಿನ್ನಿನ ಹೋಲ್ಡರಿಗೆ ಸಿಗಿಸುವ ಅಭ್ಯಾಸ ನಮ್ಮ ಊರುಗಳಲ್ಲಿದೆ. ಸದ್ದು ನಿಲ್ಲೋದೂ ನಿಜ. ಆದರೆ ನಾಳೆ ಒಳಗೆ ಫೇಸ್ ವೈರ್ ಕಿತ್ತು ಪೆಟ್ಟಿಗೆಗೆ ತಾಗಿದರೆ ಕರೆಂಟಿಗೆ ಹೋಗೋಕೆ ದಾರಿ ಇಲ್ಲ, ಫ್ಯೂಸ್ ಹಾರಲ್ಲ, ಪೆಟ್ಟಿಗೆ 230 ವೋಲ್ಟ್ ಹೊತ್ತು ಸುಮ್ಮನೆ ಕಾಯುತ್ತೆ. ಒದ್ದೆ ಕೈಲಿ ಧೂಳು ಒರೆಸೋರು ಯಾರು ಅಂತ ಯೋಚಿಸಿ. ಮನೆಯಲ್ಲಿ ಯಾರಾದರೂ ಆ ಪಿನ್ ಕತ್ತರಿಸಿದ್ದರೆ, ಗಡಗಡ ಬಿಟ್ಟು ಮೊದಲು ಪ್ಲಗ್ ಬದಲಿಸಿ. ಆಮೇಲೆ ಟೀವಿ, ಸೆಟ್‌ಟಾಪ್ ಬಾಕ್ಸ್, ಹೋಮ್ ಥಿಯೇಟರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ, ಟೀವಿಯಲ್ಲೂ ಸೆಟ್ಟಿನಲ್ಲೂ ಆಪ್ಟಿಕಲ್ ಕಿಂಡಿ ಇದ್ದರೆ ಆ ಕೇಬಲ್ ಬಳಸಿ. ಅದರಲ್ಲಿ ಹೋಗೋದು ಬೆಳಕು, ಲೂಪಿಗೆ ಅವಕಾಶವೇ ಇಲ್ಲ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನಾಲ್ಕು ಕೊಡ ನೀರು ಹಾಕಿ, ಎಲೆಕ್ಟ್ರಿಷಿಯನ್ ಕೈಲಿ ಅಳತೆ ಮಾಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ, ಹೊಸ ವೂಫರಿಗೆ ಅಂತ ಎತ್ತಿಟ್ಟ ದುಡ್ಡನ್ನ ಅದಕ್ಕೆ ಹಾಕಿಸಿ.