ಮುಳ್ಳು ನಂಬಿ ಮಕ್ಕಳನ್ನು ಹೊರಡಿಸಬೇಡಿ

ಶಾಲಾ ಬಸ್ಸಿನ ಡೀಸೆಲ್ ಮೀಟರು ಅರ್ಧ ಟ್ಯಾಂಕ್ ತೋರಿಸ್ತಿತ್ತು. ಬಸ್ಸು ಮಾತ್ರ ಡೀಸೆಲ್ ಮುಗಿದು ಮಳೆಯಲ್ಲಿ ನಿಂತುಬಿಟ್ಟಿತು. “ಮುಳ್ಳು ಸರಿಯಿಲ್ಲ ಸಿಸ್ಟರ್” ಎಂದು ಡ್ರೈವರಣ್ಣ ಮೊದಲೇ ಹೇಳಿದ್ದರು. ಖರ್ಚಿಗೆ ಹೆದರಿ ನಾವೇ ಸುಮ್ಮನಿದ್ದೆವು.

ಟ್ಯಾಂಕಿನೊಳಗಿನ ಫ್ಲೋಟ್ ಡೀಸೆಲ್ ಜೊತೆ ಏರಿಳಿಯುತ್ತದೆ. ಅದು ಸಿಕ್ಕಿಕೊಂಡರೆ ಮುಳ್ಳು ಕದಲದು. ಹಳೆಯ ಮಾದರಿ ಮೀಟರಾದರೆ ಮೆಕ್ಯಾನಿಕ್‌ನಿಂದ ಹೀಗೆ ಪರೀಕ್ಷಿಸಿ:

1. ಫ್ಯೂಸ್, ಅರ್ಥ್ ವೈರು ಮೊದಲು ನೋಡಲಿ.

2. ಕೀ ಆನ್ ಮಾಡಿ, ಫ್ಲೋಟಿನ ವೈರು ಬಿಚ್ಚಿದರೆ ಮುಳ್ಳು ಒಂದು ತುದಿಗೆ, ವೈರನ್ನು ಕ್ಷಣಕಾಲ ಬಾಡಿಗೆ ಮುಟ್ಟಿಸಿದರೆ ಇನ್ನೊಂದು ತುದಿಗೆ ಹೋಗಬೇಕು. ಹೋದರೆ ದೋಷ ಫ್ಲೋಟಿನದು. ಇಲ್ಲವಾದರೆ ವೈರು ಅಥವಾ ಮೀಟರಿನದು.

ಟ್ಯಾಂಕಿನ ಬಳಿ ಬೆಂಕಿಕಡ್ಡಿ ಗೀರಲೇಬಾರದು. ರಿಪೇರಿಯಾಗುವ ತನಕ ಡೀಸೆಲ್ ಹಾಕಿಸಿದ ಲೀಟರ್, ಓಡಿದ ಕಿಲೋಮೀಟರ್ ಪುಸ್ತಕದಲ್ಲಿ ಬರೆದಿಡೋಣ. ಡ್ರೈವರಣ್ಣನ ಮಾತನ್ನೂ ಕೇಳೋಣ.