ಲಿಮಾದಿಂದ ಕುಸ್ಕೋಗೆ ಎಷ್ಟು ದೂರ?

ದಕ್ಷಿಣ ಅಮೆರಿಕದಲ್ಲಿ ಪೆರು ಎಂಬ ದೇಶ ಇದೆ. ಅದರ ರಾಜಧಾನಿ ಲಿಮಾ. ಅದು ಸಮುದ್ರದ ದಡದ ಊರು. ಅದೇ ದೇಶದ ಇನ್ನೊಂದು ಊರು ಕುಸ್ಕೋ. ಅದು ಆಂಡಿಸ್ ಬೆಟ್ಟಗಳ ಮೇಲಿದೆ.

ನೇರ ಗೆರೆ ಎಳೆದು ಅಳೆದರೆ ಎರಡು ಊರಿನ ನಡುವೆ ಸುಮಾರು 580 ಕಿ.ಮೀ. ಆದರೆ ಬಸ್ಸಿನ ದಾರಿ ಸುಮಾರು 1,100 ಕಿ.ಮೀ. ಯಾಕೆ ಗೊತ್ತಾ? ದಾರಿ ಬೆಟ್ಟ ಸುತ್ತಿ ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಬಸ್ಸಿಗೆ 20 ಗಂಟೆಗೂ ಹೆಚ್ಚು ಬೇಕು. ವಿಮಾನಕ್ಕೆ ಸುಮಾರು 1 ಗಂಟೆ 20 ನಿಮಿಷ ಸಾಕು.

ಬೇಗ ಮುಟ್ಟಿದೆವು, ನಿಜ. ಆದರೆ ಅಷ್ಟು ಬೇಗ ನಮ್ಮ ಮೈ ಹೊಂದಿಕೊಳ್ಳೋದಿಲ್ಲ. ಕುಸ್ಕೋ ಸಮುದ್ರಕ್ಕಿಂತ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ರೂಢಿ. ಹೊಸಬರಿಗೆ ತಲೆನೋವು, ವಾಕರಿಕೆ, ಸುಸ್ತು ಬರಬಹುದು. ಅಲ್ಲಿಯ ಜನ ಇದನ್ನು 'ಸೊರೋಚೆ' ಅಂತಾರೆ. ಮೊದಲ ದಿನ ಹೆಚ್ಚು ಓಡಾಡದೆ ವಿಶ್ರಾಂತಿ ತಗೋಬೇಕು. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ ಕಾಯಬಾರದು. ಕೂಡಲೇ ವೈದ್ಯರಿಗೆ ತೋರಿಸಬೇಕು, ತಗ್ಗಿನ ಊರಿಗೆ ಇಳಿಸಬೇಕು.

ಲೆಕ್ಕ ಮಾಡಿ: ಬೆಳಿಗ್ಗೆ 6 ಗಂಟೆಗೆ ಲಿಮಾ ಬಿಟ್ಟ ವಿಮಾನ ಕುಸ್ಕೋಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ?