ಐರ್ಲೆಂಡಿನ ಸಾಧುಗಳು ಬಿಟ್ಟುಹೋದ ಹೆಸರುಗಳೂ ಅಕ್ಷರಗಳೂ

ಐರ್ಲೆಂಡ್ ದೇಶದ ನಕಾಶೆಯಲ್ಲಿ ‘ಕಿಲ್’ ಎಂದು ಆರಂಭವಾಗುವ ಊರುಗಳು ಅನೇಕವಾಗಿರುವುವು. ಅವುಗಳಲ್ಲಿ ಹಲವುಗಳ ಮೂಲವನ್ನು ಅರಸಿದರೆ, ಚಿಕ್ಕ ಕೋಣೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿ, ದೇವಾಲಯವೆಂಬ ಅರ್ಥವನ್ನು ಪಡೆದ ಐರಿಷ್ ಮಾತೊಂದು ನಮಗೆ ದೊರೆಯುವುದು. ಕಿಲ್ಡೇರ್ ಎಂದರೆ ಓಕ್ ಮರದ ದೇವಾಲಯ. ಅಲ್ಲಿಯ ಮಠವನ್ನು ಬ್ರಿಜಿಡ್ ಎಂಬ ಸಾಧ್ವಿಯು ಸ್ಥಾಪಿಸಿದಳೆಂದು ಹೇಳುವರು. ಆಕೆಯ ತರುವಾಯವೂ ಶತಮಾನಗಳವರೆಗೆ ಅದಕ್ಕೆ ಸ್ತ್ರೀಯರೇ ಮುಖ್ಯಸ್ಥರಾಗಿದ್ದರು.

ಈ ದೇಶದ ಸಾಧುಗಳು ಸಮುದ್ರವನ್ನು ದಾಟಿಯೂ ಹೋದರು. ಅವರಲ್ಲಿ ಪ್ರಸಿದ್ಧನಾದ ಕೊಲಂಬಾನುಸನ ಶಿಷ್ಯನು ಗಾಲುಸನು. ಈತನು ಸುಮಾರು ೬೧೨ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಅರಣ್ಯವೊಂದರಲ್ಲಿ ಏಕಾಂತವಾಗಿ ನೆಲೆಸಿದನು. ಆ ಸ್ಥಳದಲ್ಲಿ ಬೆಳೆದ ಪಟ್ಟಣವು ಆತನ ಹೆಸರಿನಿಂದಲೇ ಸೇಂಟ್ ಗಾಲೆನ್ ಎನಿಸಿಕೊಂಡಿದೆ.

ಅಲ್ಲಿಯ ಮಠದ ಗ್ರಂಥಾಲಯದಲ್ಲಿ ೯ನೆಯ ಶತಮಾನದ ಲ್ಯಾಟಿನ್ ವ್ಯಾಕರಣದ ಕೈಬರಹದ ಪ್ರತಿಯೊಂದುಂಟು. ಐರಿಷ್ ವಿದ್ವಾಂಸರು ಅದರ ಸಾಲುಗಳ ನಡುವೆಯೂ ಅಂಚುಗಳಲ್ಲಿಯೂ ಕಠಿಣ ಶಬ್ದಗಳ ಅರ್ಥವನ್ನು ತಮ್ಮ ತಾಯ್ನುಡಿಯಲ್ಲಿ ಬರೆದಿಟ್ಟಿರುವರು. ಸಾವಿರ ವರ್ಷಗಳಾದ ಮೇಲೆ, ೧೮೫೩ರಲ್ಲಿ, ತ್ಸೊಯಿಸ್ ಎಂಬ ಜರ್ಮನ್ ಪಂಡಿತನು ಹಳೆಯ ಐರಿಷ್ ಭಾಷೆಯ ವ್ಯಾಕರಣವನ್ನು ವಿವರಿಸಿದಾಗ, ಇಂತಹ ಟಿಪ್ಪಣಿಗಳೇ ಆತನಿಗೆ ಮುಖ್ಯ ಆಧಾರವಾದುವು.

ಆದುದರಿಂದ, ತಾಯಿತಂದೆಗಳೇ, ಇಂಗ್ಲಿಷ್ ಪಾಠದ ಅಂಚಿನಲ್ಲಿ ಕನ್ನಡದ ಅರ್ಥವನ್ನು ಬರೆದುಕೊಳ್ಳುವ ಮಗಳನ್ನು ಗದರಿಸಬೇಡಿರೆಂದು ನಾವು ಬೇಡಿಕೊಳ್ಳುತ್ತೇವೆ. ಆಕೆಯು ಎರಡು ಭಾಷೆಗಳನ್ನೂ ಕಲಿಯುತ್ತಿರುವಳು.